ಹೊಸ ಕೋಚ್, ಕಪ್ಪು ಹೆಲ್ಮೆಟ್

ಮಾರ್ಚ್ ಹನ್ನೆರಡು, ಬೆಳಗ್ಗೆ ಆರು ನಲವತ್ತು. ಅಮೆರಿಕದ ಕ್ಯಾನ್ಸಸ್‌ನ ಒಂದು ಕಾಲೇಜಿನಲ್ಲಿ, ಹೆಲ್ಮೆಟ್ ತೊಟ್ಟು ಡಿಕ್ಕಿ ಹೊಡೆದಾಡುವ ಅಮೆರಿಕನ್ ಫುಟ್‌ಬಾಲ್‌ನ ಸಾಮಾನಿನ ಕೋಣೆಯಲ್ಲಿ, ವರ್ನಾ ಉನ್ರೂ ಏಳನೆಯ ಹುಡುಗನ ಹೆಲ್ಮೆಟ್‌ನ ಒಳಮೆತ್ತೆಗೆ ಗಾಳಿ ತುಂಬುತ್ತಿದ್ದಳು.

ಇಪ್ಪತ್ತಾರು ವರ್ಷಗಳಲ್ಲಿ ಅವಳು ಕಂಡ ಐದನೆಯ ಕೋಚ್ ಈ ಟ್ರೂಯಿಟ್. ಬಂದವರೆಲ್ಲ ತಂಡವನ್ನು ಹೊಸದಾಗಿ ಕಟ್ಟುತ್ತೇವೆಂದು ಮೊದಲು ಹೆಲ್ಮೆಟ್‌ನ ಬಣ್ಣ ಬದಲಿಸಿದ್ದರು. ತಂಡ ಸೋಲುತ್ತಲೇ ಇತ್ತು. ಈ ಸಲ ಕಪ್ಪು. ಬಣ್ಣಕ್ಕೆ ಹೋಗಿಬಂದ ಹೆಲ್ಮೆಟ್‌ಗಳ ಮೆತ್ತೆಗಳೆಲ್ಲ ಅದಲುಬದಲಾಗಿದ್ದವು. ಸಡಿಲ ಹೆಲ್ಮೆಟ್‌ನಲ್ಲಿ ಡಿಕ್ಕಿ ಹೊಡೆದ ಹುಡುಗ ಮತ್ತೆ ಎದ್ದು ನಿಲ್ಲುತ್ತಾನೆಂಬ ಖಾತ್ರಿ ಇರಲಿಲ್ಲ.

"ಇನ್ನೂ ಕೊಟ್ಟಿಲ್ವೇನಮ್ಮ? ಏಳು ಗಂಟೆಗೆ ಟಿವಿಯವರು ಬರ್ತಾರೆ," ಎಂದ ಟ್ರೂಯಿಟ್.

"ಒಂದೊಂದು ತಲೆಗೂ ಇಪ್ಪತ್ತು ನಿಮಿಷ ಬೇಕು, ಕೋಚ್."

"ಟಿವಿಯವರಿಗೆ ನಾಲ್ಕು ಡಿಕ್ಕಿ ತೋರಿಸೋಕೆ ಅಷ್ಟೆಲ್ಲ ಯಾಕೆ? ಹೆಲ್ಮೆಟ್ ಮಿಂಚಿದ್ರೆ ಸಾಕು."

ವರ್ನಾ ಗಾಳಿಯ ಪಂಪು ಕೆಳಗಿಟ್ಟಳು. "ಹಾಗಾದ್ರೆ ನೀವೇ ಒಂದು ಹಾಕ್ಕೊಂಡು ಆ ಗೋಡೆಗೆ ಗುದ್ದಿ ನೋಡಿ," ಎಂದು ಹೆಲ್ಮೆಟ್‌ಗಳ ಕಪಾಟಿಗೆ ಬೀಗ ಜಡಿದಳು. ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು.

"ನಿಮ್ಮನ್ನ ಇವತ್ತೇ ಕೆಲಸದಿಂದ ತೆಗೀತೀನಿ!"

"ತೆಗೀರಿ. ಇವರದ್ದೆಲ್ಲ ಮುಗಿದ ಮೇಲೆ." ಅವಳು ಮುಂದಿನವನನ್ನು ಕರೆದು ಅವನ ತಲೆಗೆ ಅಳತೆಪಟ್ಟಿ ಸುತ್ತಿದಳು.

ಹೊರಗೆ ಟಿವಿಯವರ ವ್ಯಾನ್ ಬಂದು ನಿಂತಿತು. ಟ್ರೂಯಿಟ್‌ನ ದನಿ ತಗ್ಗಿತು. "ಇನ್ನೆಷ್ಟು ತಲೆ ಇದಾವೆ?"

"ತೊಂಬತ್ತೆಂಟು."