ಸೂಲಗಿತ್ತಿ ಚಿಕ್ಕಮಾರಮ್ಮ ಕೊಟ್ಟ ದೀಕ್ಷಾಸ್ನಾನ

ಎರಡು ಸೇರು ರಾಗಿ, ಒಂದು ತೆಂಗಿನಕಾಯಿ, ಎಲೆಅಡಿಕೆ, ಒಂದು ರವಿಕೆ ಕಣ. ೧೯೭೮ರಲ್ಲಿ ಗುಬ್ಬಿ ಪಕ್ಕದ ನಮ್ಮ ಕಾಲೋನಿಯಲ್ಲಿ ಎಲ್ಲಯ್ಯನ ಹೆಂಡತಿಗೆ ಹೆರಿಗೆ ಮಾಡಿಸಿದ್ದಕ್ಕೆ ಸೂಲಗಿತ್ತಿ ಚಿಕ್ಕಮಾರಮ್ಮನಿಗೆ ಬರಬೇಕಾದ ಕೂಲಿ ಇದು. ಇನ್ನೂ ಬಂದಿಲ್ಲ. ಕೂಸು ಉಳಿಯದಿದ್ದರೆ ಸೂಲಗಿತ್ತಿಗೆ ಕೂಲಿ ಇಲ್ಲ ಅನ್ನೋದು ನಮ್ಮ ಕಡೆ ಪದ್ಧತಿ. ನೀರು ಬೀಳಲಿಲ್ಲ ಅಂತ ಬಾವಿ ತೋಡಿದವನ ಕೂಲಿ ಯಾರೂ ಹಿಡಿಯೋದಿಲ್ಲ. ಹೆಂಗಸಿನ ಕೂಲಿ ಹಿಡಿಯೋವಾಗ ಮಾತ್ರ ಎಲ್ಲರಿಗೂ ಪದ್ಧತಿ ನೆನಪಾಗುತ್ತೆ.

ಚಿಕ್ಕಮಾರಮ್ಮ ಲೂಥರನ್ ಸಭೆಯವಳು. ಆ ಸಭೆಯನ್ನು ಇಲ್ಲಿಗೆ ತಂದವನು ಕುದುರೆ ಮೇಲೆ ಬಂದ ದೊರೆ ಅಲ್ಲ, ಅವಳ ಮಾವ. ಕೋಲಾರದ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದು, ಎದೆ ತುಂಬ ಕೆಮ್ಮು, ಬಾಯಿ ತುಂಬ ಉಪದೇಶದ ಪಾಠ ಹೊತ್ತುಕೊಂಡು ಊರಿಗೆ ಬಂದ. ಎಪ್ಪತ್ತರ ದಶಕದ ಹೊತ್ತಿಗೆ ನಮ್ಮ ಕಾಲೋನಿಯಲ್ಲಿ ಹನ್ನೊಂದು ಮನೆ, ಒಂದು ಪುಟ್ಟ ಚರ್ಚು, ಕುಣಿಗಲ್ ಕಡೆ ಮಾರ್ಕೋನಹಳ್ಳಿ ಕಾಲುವೆ ಬದಿಯಲ್ಲಿ ಆರು ಮನೆ, ತುಮಕೂರಿನ ಸದಾಶಿವನಗರದಲ್ಲಿ ಪಾಸ್ಟರ್ ಇದ್ದ ಒಂದು ಬಾಡಿಗೆ ಕೋಣೆ. ಸಭೆ ಅಂದರೆ ಇಷ್ಟೇ. ಆದರೆ ಕಟ್ಟುನಿಟ್ಟಿಗೇನೂ ಕಮ್ಮಿ ಇರಲಿಲ್ಲ. ಬೇರೆ ಚರ್ಚಿನವರ ಜೊತೆ ಯೇಸುವಿನ ಕೊನೇ ಊಟದ ನೆನಪಿಗೆ ಹಂಚೋ ರಾತ್ರಿಭೋಜನದ ರೊಟ್ಟಿ ಮುಟ್ಟೋ ಹಾಗಿಲ್ಲ. ಭಾನುವಾರ ರೊಟ್ಟಿ ತಗೊಳ್ಳೋರು ಶನಿವಾರವೇ ಪಾಸ್ಟರಿಗೆ ಹೆಸರು ಕೊಡಬೇಕು, ಜಗಳ ಇದ್ದರೆ ಅಂದೇ ಮುಗಿಸಿಕೊಳ್ಳಬೇಕು. ಪಾಠ ಬಾಯಿಪಾಠ ಒಪ್ಪಿಸದೆ ದೃಢೀಕರಣ ಇಲ್ಲ, ಅಂದರೆ ಬೆಳೆದ ಮಕ್ಕಳನ್ನು ಸಭೆಯ ಪೂರ್ತಿ ಸದಸ್ಯರು ಅಂತ ಒಪ್ಪಿಕೊಳ್ಳೋದಿಲ್ಲ.

ಚಿಕ್ಕಮಾರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಚರ್ಚಿನ ಕಸ ಗುಡಿಸುತ್ತಿದ್ದಳು. ಒಳಗೆ ಮಕ್ಕಳು ಪಾಠ ಒಪ್ಪಿಸುವಾಗ ಹೊರಗೆ ಪೊರಕೆ ಹಿಡಿದು ಕೇಳಿ ಕೇಳಿ ಅವಳಿಗೆ ಎಲ್ಲಾ ಬಂದುಬಿಟ್ಟಿತ್ತು. ಮಕ್ಕಳು ತಡವರಿಸಿದರೆ ಬಾಗಿಲಿಂದಲೇ ಮುಂದಿನ ಮಾತು ಎಸೆಯುತ್ತಿದ್ದಳು. ಅದರಲ್ಲಿ ಒಂದು ಪಾಠ ಹೀಗಿತ್ತು: ಕೂಸು ಸಾಯೋ ಹಾಗಿದ್ದು ಪಾಸ್ಟರ್ ಹತ್ತಿರದಲ್ಲಿ ಇಲ್ಲದಿದ್ದರೆ ನಂಬಿದವರು ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ನೀರು ಇರಬೇಕು, ಹೇಳಬೇಕಾದ ಮಾತು ಇರಬೇಕು. ಗಂಡಸರು ಇದನ್ನು ವರ್ಷವರ್ಷ ಕೇಳಿ ವರ್ಷವರ್ಷ ಮರೆತರು. ಚಿಕ್ಕಮಾರಮ್ಮನಿಗೆ ಅದು ಕಸುಬಿಗೆ ಬೇಕಾದ ಮಾತು. ಅವಳು ಮರೆಯಲಿಲ್ಲ.

ಎಲ್ಲಯ್ಯನ ಕೂಸು ಹುಟ್ಟಿದ್ದು ಒಂದು ಶನಿವಾರ ಬೆಳಗ್ಗೆ ಹತ್ತು ಗಂಟೆಗೆ. ಏಳು ತಿಂಗಳದ್ದು. ಅಳಲಿಲ್ಲ. ಎಲ್ಲಯ್ಯ ಸೈಕಲ್ ಹತ್ತಿ ಗುಬ್ಬಿಗೆ, ಅಲ್ಲಿಂದ ಬಸ್ಸಿನಲ್ಲಿ ತುಮಕೂರಿಗೆ, ಪಾಸ್ಟರನ್ನು ಕರೆತರೋಕೆ ಓಡಿದ. ಕೂಸು ಅಷ್ಟು ಹೊತ್ತು ಕಾಯೋ ಹಾಗಿರಲಿಲ್ಲ. ಬಾಣಂತಿಗೆ ಪ್ರಜ್ಞೆ ಇರಲಿಲ್ಲ. ಕೋಣೆಯಲ್ಲಿ ಇನ್ನೊಬ್ಬಳು ಇದ್ದದ್ದು ಎಲ್ಲಯ್ಯನ ತಾಯಿ ಓಬಳಮ್ಮ. ಮಗ ಸಭೆ ಸೇರಿದರೂ ಓಬಳಮ್ಮ ಸೇರಲಿಲ್ಲ, ಊರದೇವತೆ ಮಾರಮ್ಮನನ್ನು ಬಿಡಲಿಲ್ಲ. ಚಿಕ್ಕಮಾರಮ್ಮ ಕೈ ತೊಳೆದುಕೊಂಡಳು, ಚೊಂಬಿನ ನೀರನ್ನು ಮೂರು ಸಲ ಕೂಸಿನ ನೆತ್ತಿಗೆ ಹಾಕಿದಳು, ಹೇಳಬೇಕಾದ್ದು ಹೇಳಿದಳು. ಅರ್ಧ ಗಂಟೆಯಲ್ಲಿ ಕೂಸು ಹೋಯಿತು.

ಈಗ ಹೂಳೋದು ಎಲ್ಲಿ? ನಮ್ಮವರದೇ ಹಳೇ ಸ್ಮಶಾನ ಇತ್ತು. ಮತ ಬಿಟ್ಟವರಿಗೆ ಅಲ್ಲಿ ಜಾಗ ಇಲ್ಲ ಅಂತ ಕಾಲೋನಿಯ ಯಜಮಾನರು ಹೇಳಿ ಎರಡು ವರ್ಷ ಆಗಿತ್ತು. ಅದರ ವಿರುದ್ಧ ತಾಲ್ಲೂಕು ಆಫೀಸಿಗೆ ಕೊಡೋ ಅರ್ಜಿಗೆ ಹೆಬ್ಬೆಟ್ಟು ಹಾಕಿಸೋಕೆ ಅಂತ, ಕಾಲೋನಿಯಲ್ಲಿ ಓದು ಬರಹ ಬಲ್ಲ ನಾನೂ ಅವತ್ತು ಆ ಮನೆ ಮುಂದೆ ಇದ್ದೆ. ಉಳಿದದ್ದು ಸಭೆಯ ಅರ್ಧ ಎಕರೆ. ಅದರ ಗೇಟಿನ ಕೀ ಸಭೆಯ ಹಿರಿಯ ಪುಟ್ಟರಂಗಯ್ಯನ ಉಡಿದಾರದಲ್ಲಿ.

"ಸ್ನಾನ ಆಗ್ದಿರೋದನ್ನ ಒಳಕ್ಕೆ ಬುಡಕಾಗಲ್ಲ," ಅಂದ ಪುಟ್ಟರಂಗಯ್ಯ.

"ಆಗದೆ. ನಾನೇ ಕೊಟ್ಟಿವ್ನಿ," ಅಂದಳು ಚಿಕ್ಕಮಾರಮ್ಮ.

"ಕಸ ಗುಡ್ಸೋಳು ಕೊಟ್ರೆ ಸ್ನಾನ ಆಗೋಯ್ತದಾ? ಅದೂ ಸೂತ್ಕದ ಕೈಲಿ?"

"ನಿನ್ನ ಮೂರು ಮಕ್ಳು ಈಚೆಗೆ ಬಂದಿದ್ದೂ ಇದೇ ಕೈಲೇ ಕಣಣ್ಣ. ಸೂತ್ಕ ಅನ್ನಂಗಿದ್ರೆ ಅವತ್ತೇ ಯೋಳ್ಬೇಕಾಗಿತ್ತು, ವಾಪಸ್ ಒಳಕ್ಕೆ ತಳ್ಬುಡ್ತಿದ್ದೆ."

ಸಾವಿನ ಮನೆ ಮುಂದೆಯೇ ನಾಲ್ಕು ಜನ ನಕ್ಕರು. ಪುಟ್ಟರಂಗಯ್ಯ ನಗಲಿಲ್ಲ, ಕೀ ಕೂಡ ಬಿಚ್ಚಲಿಲ್ಲ.

ನಾಲ್ಕು ಗಂಟೆಗೆ ಎಲ್ಲಯ್ಯನ ಜೊತೆ ಪಾಸ್ಟರ್ ಬಂದರು. ಗಣಿ ಊರಿನ ಮನುಷ್ಯ, ತಮಿಳು ಬೆರೆತ ಕನ್ನಡ. ಶನಿವಾರದ ಹೆಸರು ಬರೆಯೋದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದರು. ಮೆಟ್ಟಿಲ ಮೇಲೆ ಕೂತು, ಇಂಥ ಸ್ನಾನ ಸರಿಯೋ ತಪ್ಪೋ ಅಂತ ನೋಡೋಕೆ ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು.

"ಯಾರು ಕೊಟ್ಟಿದ್ದು?"

"ನಾನೇ ಅಯ್ಯ."

"ಯಾತರಲ್ಲಿ?"

"ಚೊಂಬಿನ ನೀರಲ್ಲಿ."

"ಏನು ಹೇಳಿದೆ?"

ಚಿಕ್ಕಮಾರಮ್ಮ ಒಂದಕ್ಷರ ತಪ್ಪದೆ ಹೇಳಿದಳು.

"ಕೇಳಿಸಿಕೊಂಡವರು ಯಾರು?"

ಅಲ್ಲಿ ನಿಂತಿತು ನೋಡಿ. ಕೇಳಿಸಿಕೊಂಡವಳು ಓಬಳಮ್ಮ ಒಬ್ಬಳೇ. "ಅವ್ಳು ಸಭೆಯೋಳಲ್ಲ, ಅವ್ಳ ಮಾತು ನಡಿಯಕಿಲ್ಲ," ಅಂದ ಪುಟ್ಟರಂಗಯ್ಯ.

ಜಗಲಿ ಮೇಲೆ ಮಂಡಿ ತಬ್ಬಿ ಕೂತಿದ್ದ ಓಬಳಮ್ಮ ತಲೆ ಎತ್ತಿದಳು. "ನಾನ್ಯಾಕೆ ಯೋಳ್ಲಿ? ನಿಮ್ಮ ದ್ಯಾವ್ರೂ ಉಳಿಸ್ನಿಲ್ಲ, ನಮ್ಮವ್ವನೂ ಉಳಿಸ್ನಿಲ್ಲ."

"ಅವ್ವಾ," ಅಂದ ಎಲ್ಲಯ್ಯ, "ಹೂಳಕ್ಕೆ ಮೂರಡಿ ಜಾಗ ಬೇಕವ್ವಾ."

"ಮೂರಡಿ ಯಾಕ್ಲಾ? ಅದ್ಕೆ ಒಂದು ಮೊಳ ಸಾಕು." ಆಮೇಲೆ ಪಾಸ್ಟರ್ ಕಡೆ ತಿರುಗಿದಳು. "ತಂದೆ ಅಂದ್ಲು, ಒಂದು ದಪ ಹಾಕಿದ್ಲು. ಮಗ ಅಂದ್ಲು, ಇನ್ನೊಂದು ದಪ. ಆಮೇಲೆ ಅದೇನೋ ಪವಿತ್ರದ್ದು ಅಂದ್ಲು, ಮೂರ್ನೇ ದಪ. ನೀರು ಕಿವಿಗೆ ಓಯ್ತದೆ ಕಣೇ ಅಂತ ನಾನೇ ಒರೆಸ್ದೆ."

"ಕೇಳಿಸಿಕೊಳ್ಳೋಕೆ ಕಿವಿ ಸಾಕು ಪುಟ್ಟರಂಗಯ್ಯ," ಅಂದರು ಪಾಸ್ಟರ್. "ಆಕೆ ನಮ್ಮ ಸಭೆಯವಳಾಗಿದ್ದರೆ ಪಾಠ ಒಪ್ಪಿಸ್ತಿದ್ದಾಳೆ ಅನ್ನಬಹುದಿತ್ತು. ಪಾಠ ಕಲೀದೋಳಿಗೆ ಈ ಮಾತು ಗೊತ್ತಿದ್ರೆ ಕೇಳಿಸ್ಕೊಂಡೇ ಗೊತ್ತಿರಬೇಕು. ಕೊಡಿ ಕೀ."

ಬೆಳಕಿರುವಾಗಲೇ ಕೂಸು ಸಭೆಯ ನೆಲಕ್ಕೆ ಹೋಯಿತು. ಪಾಸ್ಟರ್ ಇನ್ನೊಮ್ಮೆ ನೀರು ಹಾಕಲಿಲ್ಲ. ಒಮ್ಮೆ ಆದದ್ದು ಆಯಿತು ಅನ್ನೋದೂ ಅವರ ಕಟ್ಟುನಿಟ್ಟಿನಲ್ಲಿ ಒಂದು. ಮಣ್ಣು ಮುಚ್ಚುವಾಗ ಓಬಳಮ್ಮ ಗೇಟಿನ ಒಳಗೆ ಬಂದು ನಿಂತಿದ್ದಳು. ಬರಬೇಡ ಅನ್ನೋ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಎಂಟು ವರ್ಷದಲ್ಲಿ ಚಿಕ್ಕಮಾರಮ್ಮ ಇನ್ನೂ ಆರು ಕೂಸುಗಳಿಗೆ ಹೀಗೆ ಸ್ನಾನ ಕೊಟ್ಟಳು. ಒಂದಕ್ಕೆ ಕುಣಿಗಲ್ ರಸ್ತೆಯಲ್ಲಿ, ಎತ್ತಿನ ಗಾಡಿಯೊಳಗೆ. ನಾಲ್ಕು ಬದುಕಿದವು. ಅವುಗಳ ಸ್ನಾನ ಸರಿಯಲ್ಲ ಅಂತ ಯಾರೂ ತಕರಾರು ಎತ್ತಲಿಲ್ಲ. ಅಷ್ಟು ಮಟ್ಟಿಗೆ ಅವಳು ಗೆದ್ದಳು, ಪೂರ್ತಿ ಗೆದ್ದಳು ಅಂದುಕೊಂಡಿದ್ದೆವು.

೧೯೮೬ರಲ್ಲಿ ಚರ್ಚಿಗೆ ಸುಣ್ಣ ಹೊಡೆಯುವಾಗ ಸಭೆಯ ರಿಜಿಸ್ಟರ್ ಹೊರಗೆ ಬಂತು. "ನನ್ನ ಎಸ್ರು ಎಲ್ಲೈತೆ, ಓದ್ಲಾ," ಅಂದಳು ನನಗೆ. ಕೂಸಿನ ಹೆಸರು ಇತ್ತು, ಅಪ್ಪನ ಹೆಸರು ಇತ್ತು, ತಾರೀಕು ಇತ್ತು. 'ಸ್ನಾನ ಕೊಟ್ಟವರು' ಅನ್ನೋ ಕಾಲಂನಲ್ಲಿ ಒಂದು ಗೀಟು. ಏಳು ಕೂಸು, ಏಳು ಗೀಟು, ಎಲ್ಲಾ ಪುಟ್ಟರಂಗಯ್ಯನ ಕೈಬರಹ. ಕೀ ಕೊಡಿಸಿದ ಪಾಸ್ಟರ್ ಅಷ್ಟೊತ್ತಿಗೆ ವರ್ಗ ಆಗಿ ಹೋಗಿದ್ದರು. ಹೊಸಬರು ಪುಟ ತಿರುವಿ ನೋಡಿರಲಿಲ್ಲ.

"ಗೀಟಾ?" ಅಂದಳು. "ಗೀಟಿಗೆ ನೀರು ಹಾಕಕ್ಕೆ ಬತ್ತದಾ, ಕೇಳು ಅವುನ್ನ."

ಕೇಳಿದೆ. "ಹೆಂಗಸಿನ ಹೆಸರು ಬರೆಯೋ ರೂಢಿ ಇಲ್ಲ," ಅಂದ ಪುಟ್ಟರಂಗಯ್ಯ. ಮೂರು ವರ್ಷದಿಂದ ಕೇಳ್ತಾನೇ ಇದೀನಿ. ಈಗ ಚಿಕ್ಕಮಾರಮ್ಮನಿಗೆ ಕಣ್ಣು ಮಂಜಾಗಿದೆ, ಕೈ ನಡುಗಲ್ಲ, ಇವತ್ತಿಗೂ ಹೆರಿಗೆಗೆ ಕರೆದರೆ ಹೋಗ್ತಾಳೆ.

ರಿಜಿಸ್ಟರನ್ನು ಆಮೇಲೆ ತುಮಕೂರಿಗೆ ಸಾಗಿಸಿದರು, ಈಗ ಸದಾಶಿವನಗರದ ಆ ಬಾಡಿಗೆ ಕೋಣೆಯ ಬೀರುವಿನಲ್ಲಿದೆ. ಸಭೆಯವರು ಇದನ್ನು ಓದುತ್ತಿದ್ದರೆ ಎದ್ದು ಹೋಗಿ ಬೀರು ತೆಗೆದು ಏಳು ಜಾಗದಲ್ಲಿ ಅವಳ ಹೆಸರು ಬರೆಯಿರಿ, ಶಾಯಿಯಲ್ಲಿ. ಇದು ಅವರ ಚರ್ಚಿನ ವಿಷಯ ಅಂತ ಪಕ್ಕಕ್ಕಿಡುವ ಓದುಗರೇ, ನಿಮ್ಮನ್ನು ಈಚೆಗೆ ತಂದದ್ದೂ ಯಾವಳೋ ಒಬ್ಬಳ ಕೈಯೇ. ಹದಿನೈದು ಪೈಸೆಯ ಒಂದು ಕಾರ್ಡು ತಗೊಳ್ಳಿ. ಲೂಥರನ್ ಸಭೆ, ಸದಾಶಿವನಗರ, ತುಮಕೂರು ಅಂತ ವಿಳಾಸ ಹಾಕಿ. ಚಿಕ್ಕಮಾರಮ್ಮನ ಹೆಸರು ಬರೆದಿರಾ ಇಲ್ಲವಾ ಅಂತ ಕೇಳಿ, ಉತ್ತರ ಬರೋವರೆಗೆ ವಾರಕ್ಕೊಂದು ಹಾಕುತ್ತಾ ಇರಿ.