ಊರು: ಡೊಂಬಿವಲಿ

ದೊಡ್ಡಮ್ಮನ ಬೆರಳಿನ ಚಿನ್ನದ ಉಂಗುರ ಒಂದು ಪಕ್ಕಕ್ಕೆ ಚಪ್ಪಟೆಯಾಗಿತ್ತು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಉಕ್ಕಿನ ಗೋಡೆಗೆ ಅದನ್ನು ಬಡಿದು ಬಡಿದು ಭಜನೆಗೆ ತಾಳ ಹಾಕಿ ಹಾಗಾದದ್ದು. ಬಲಗೈಯ ಉಂಗುರ ಎಂದು ಮೊದಲು ಬರೆದಿದ್ದೆ. ಅನುಮಾನ ಬಂದು, ನಾನೇ ತೆಗೆದ ಕಿರುಚಿತ್ರವನ್ನು ಮತ್ತೆ ಹಾಕಿ ನೋಡಿದೆ: ಎಡಗೈ. ಬಲಗೈ ಮೇಲಿನ ಹಿಡಿಕೆಯಲ್ಲಿದೆ. ಹಾಗಾಗಿ ನನ್ನ ನೆನಪನ್ನು ಅಷ್ಟಾಗಿ ನಂಬಬೇಡಿ. ಅವರ ಮಾತುಗಳನ್ನು ನಂಬಬಹುದು, ರೆಕಾರ್ಡ್ ಆಗಿವೆ.

ಡೊಂಬಿವಲಿಯಲ್ಲಿ ಅವರು ನಮ್ಮ ಮೇಲಿನ ಮನೆಯವರು. ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು. ನನಗೆ ದೊಡ್ಡಮ್ಮ, ರೈಲಿನ ಹೆಂಗಸರಿಗೆ ಮಾವಶಿ. ಆಫೀಸಿನಿಂದ ನಿವೃತ್ತರಾದ ಮೇಲೂ ಬೆಳಗಿನ ಅದೇ ಗಾಡಿ ಹಿಡಿಯುತ್ತಿದ್ದರು, ಠಾಣೆಯವರೆಗೆ ಹಾಡಿಕೊಂಡು ಹೋಗಿ ವಾಪಸ್ ಬರಲಿಕ್ಕೆ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಒತ್ತಿ ಕೂರುವರು. ಜಾಗ ಸಿಗದಿದ್ದರೆ ನಿಂತೇ ಹಾಡುವರು. ಆಫೀಸಿಗೆ ಹೋಗುವವರಿಗೆ ಸೀಟು ಬಿಡಬಾರದೇ ಎಂದು ಯಾರೋ ಗೊಣಗಿದಾಗ, ನಾನೂ ಡ್ಯೂಟಿಯಲ್ಲೇ ಇದ್ದೇನೆ ಎಂದು ಮರಾಠಿಯಲ್ಲಿ ಹೇಳಿ ಮುಂದಿನ ಹಾಡಿಗೆ ಹೋದರು.

ಡಬ್ಬಿಯ ಭಜನೆ ಗುಂಪಿನಲ್ಲಿ ಕನ್ನಡದವರು ಅವರೊಬ್ಬರೇ. ಮರಾಠಿ ಅಭಂಗಗಳ ನಡುವೆ ಒಂದು ದೇವರನಾಮ ನುಗ್ಗಿಸಿಬಿಡುತ್ತಿದ್ದರು. ಉಳಿದವರು ಪಲ್ಲವಿಯನ್ನು ತಮ್ಮ ನಾಲಗೆಗೆ ಬಂದಂತೆ ತಿರುಚಿ ಹಾಡುತ್ತಿದ್ದರು.

"ತಿದ್ದಬಾರದಾ ದೊಡ್ಡಮ್ಮ?" ಎಂದು ಕೇಳಿದೆ.

"ಎಂತಕ್ಕೆ ಮಾರಾಯ್ತಿ? ದೇವರಿಗೆ ಲೋಕಲ್ ಕನ್ನಡವೂ ಬರ್ತದೆ."

ನಾನು ಸುತ್ತಲಿನವರ ಬಗ್ಗೆ ಕಿರುಚಿತ್ರ ಮಾಡುವವಳು. ಅವರ ಹಾಡಿನ ಚಿತ್ರ ಮಾಡುವಾಗ, ಗಾಡಿ ಮುಂಬ್ರಾ ದಾಟುತ್ತಿದ್ದಂತೆ, ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: "ದೊಡ್ಡಮ್ಮ, ಊರು ನೆನಪಾಗ್ತದಾ?"

"ಯಾವ ಊರು?"

"ನಿಮ್ಮೂರು."

"ಡೊಂಬಿವಲಿ ಅಲ್ವಾ? ಈಗ ತಾನೇ ಹೊರಟದ್ದು. ಊಟಕ್ಕೆ ಮುಂಚೆ ವಾಪಸ್ ಮುಟ್ತೇನೆ. ಅಷ್ಟರಲ್ಲಿ ನೆನಪು ಎಂತಕ್ಕೆ ಆಗಬೇಕು?"

ಠಾಣೆಯ ಒಂದು ಕನ್ನಡ ಸಂಘ ವಾರ್ಷಿಕೋತ್ಸವದಲ್ಲಿ ಚಿತ್ರ ತೋರಿಸಲು ಒಪ್ಪಿತ್ತು. ಚಿತ್ರದಲ್ಲಿ ಈ ಮಾತು ಕೇಳಿದ ಮೇಲೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಅದೊಂದು ತೆಗೆದರೆ ಪಿಕ್ಚರ್ ಫಸ್ಟ್ ಕ್ಲಾಸ್ ಮೇಡಂ. ಊರಿನಿಂದ ಅತಿಥಿಗಳು ಬರ್ತಾರೆ. ಊರು ಮರೆತವರು ಅಂತ ನಮಗೆಲ್ಲ ಹೆಸರು ಬರ್ತದೆ. ಆ ಜಾಗದಲ್ಲಿ ಸ್ವಲ್ಪ ಸಮುದ್ರ ಹಾಕಿ, ನಮ್ಮ ಮೀಟಿಂಗಿಗೆ ತಂದು ತೋರಿಸಿ."

ಹಾಕಿ ನೋಡಿದೆ. ಕೊಳಲೂ ಸೇರಿಸಿದೆ. ಚಿತ್ರ ಒಮ್ಮೆಗೇ ಚೆಂದವಾಯಿತು, ಹೆದರಿಕೆಯಾದದ್ದು ಅದಕ್ಕೇ. ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲಿನ ಮನೆಗೆ ಹೋದೆ.

"ಇದು ಎಲ್ಲಿಯ ಸಮುದ್ರ?"

"ಗೋವಾದ್ದು. ನನ್ನ ಹತ್ತಿರ ಅದೇ ಇದ್ದದ್ದು."

"ನನ್ನ ಬಾಯಿ ಮುಚ್ಚಿಸ್ಲಿಕ್ಕೆ ಗೋವಾದಿಂದ ಸಮುದ್ರ ತಂದೆಯಾ?" ನಗಲಿಲ್ಲ ಅವರು. "ಅವರ ಮೀಟಿಂಗಿಗೆ ನಾನೂ ಬರ್ತೇನೆ."

ಸಭೆ ಠಾಣೆಯ ವರ್ತಕ ನಗರದ ಒಂದು ಮನೆಯಲ್ಲಿ. ಮೇಜಿನ ಮೇಲೆ ನನ್ನ ಫೋನ್ ಎಲ್ಲವನ್ನೂ ರೆಕಾರ್ಡ್ ಮಾಡುತ್ತಿತ್ತು. ಕಾರ್ಯದರ್ಶಿ ಎದ್ದು ಅವರಿಗೆ ಕುರ್ಚಿ ಕೊಟ್ಟರು.

"ಅಮ್ಮ, ನಿಮಗೆ ಊರಿನ ಅಭಿಮಾನ ಇಲ್ಲ ಅಂತ ನಾವು ಹೇಳುವುದಲ್ಲ."

"ಉಂಟು. ಅದಕ್ಕೇ ಡೊಂಬಿವಲಿ ಅಂತ ಹೇಳಿದ್ದು."

"ಅದು ನಾವು ಇರುವ ಜಾಗ. ಊರು ಬೇರೆ ಅಲ್ವಾ?"

"ಆ ಊರಿಗೆ ಹೋದ್ರೆ, ಚೀಲ ಕೆಳಗಿಡುವ ಮೊದಲೇ ಕೇಳ್ತಾರೆ, ವಾಪಸ್ ಯಾವಾಗ ಅಂತ. ನಿಮ್ಮನ್ನು ಕೇಳುದಿಲ್ವಾ?"

ಹಿಂದಿನಿಂದ ಯಾರೋ ನಕ್ಕರು. ಕಾರ್ಯದರ್ಶಿ ಸೋಲಲಿಲ್ಲ. "ಇಲ್ಲಿಯೂ ಕೇಳ್ತಾರಲ್ಲ ಅಮ್ಮ, ನಿಮ್ಮ ಗಾಂವ್ ಯಾವುದು ಅಂತ."

"ಕೇಳ್ತಾರೆ. ಅವರಿಗೂ ಇದನ್ನೇ ಹೇಳುದು. ಸಿಟ್ಟು ಬಂದ್ರೆ ಬರ್ಲಿ."

ಆ ಮಾತನ್ನು ಚಿತ್ರದಿಂದ ತೆಗೆಯುವುದಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಚಿತ್ರ ತೋರಿಸುವುದಿಲ್ಲ ಎಂದು ಸಂಘದವರು ಹೇಳಿದರು. ಮೆಟ್ಟಿಲಿಳಿಯುವಾಗ ದೊಡ್ಡಮ್ಮ ಚೆನ್ನಾದ ಒಂದು ಮಾತು ಆಡಿದರು. ಅಷ್ಟರಲ್ಲಿ ಫೋನ್ ಆರಿಸಿದ್ದೆ. ಈಗ ಅದನ್ನು ಕಟ್ಟಿ ಅವರ ಬಾಯಿಗೆ ಹಾಕಲಾರೆ.

ಚಿತ್ರದ ಮೊದಲ ಪ್ರದರ್ಶನ ಅವರ ಡಬ್ಬಿಯಲ್ಲೇ ನಡೆಯಿತು. ನನ್ನ ಫೋನ್ ಕೈಯಿಂದ ಕೈಗೆ ದಾಟುತ್ತಾ ಬಾಗಿಲವರೆಗೆ ಹೋಗಿ ಬಂತು. ಕನ್ನಡ ಬಾರದ ಹೆಂಗಸರು "ಡೊಂಬಿವಲಿ" ಎಂಬ ಒಂದು ಶಬ್ದಕ್ಕೆ ಕಾದು ಕೂತು, ಅದು ಬಂದಾಗ ತಲೆಯೆತ್ತಿ ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು ಎಂದು ನೆನಪು. ಚಿತ್ರದಲ್ಲಾದರೆ ನಾನು ಹಾಗೆಯೇ ಇಡುತ್ತಿದ್ದೆ, ಆದ್ದರಿಂದ ಅನುಮಾನ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಇಲ್ಲೇ ಹುಟ್ಟಿದ ಮಗ, "ತೂ ಲಿಖ್ ದೇ ನಾ, ನನ್ನ ಕನ್ನಡ ಗೊತ್ತುಂಟಲ್ಲ," ಎಂದು ಪತ್ರಿಕೆಗೆ ನಿಧನವಾರ್ತೆ ಬರೆಯುವುದನ್ನು ನನಗೆ ಬಿಟ್ಟ. ಇಲ್ಲಿಯ ಕನ್ನಡಿಗರ ನಿಧನವಾರ್ತೆಗೆ ಒಂದು ಕ್ರಮವಿದೆ: ಹೆಸರಿನ ಬೆನ್ನಿಗೇ "ಮೂಲತಃ" ಎಂದು ಒಂದು ಊರು. ಇಡೀ ಬಾಳು ಇಲ್ಲಿ ಕಳೆದವರನ್ನೂ ಆ ಒಂದು ಶಬ್ದ ಹಿಡಿದು ವಾಪಸ್ ಕಳಿಸುತ್ತದೆ. ನಾನು ಅದನ್ನು ಬರೆಯಲಿಲ್ಲ. ಡೊಂಬಿವಲಿಯವರು, ರೈಲಿನಲ್ಲಿ ಹಾಡುತ್ತಿದ್ದರು ಎಂದು ಬರೆದೆ.

ಸಂಜೆ ಪತ್ರಿಕೆಯ ಕಚೇರಿಯಿಂದ ಫೋನ್ ಬಂತು. "ಮೇಡಂ, ಊರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ," ಅಂದೆ. "ಎರಡನೇ ಸಾಲಿನಲ್ಲಿದೆ, ನೋಡಿ."