ಹಲಸಿನ ಗಿಡ ಹತ್ತಿದ ಸೊಸೆ

ನಾನು ಹುಟ್ಟಿದ್ದು ಹಾನಗಲ್ಲಿನ ಹತ್ತಿರ, ಬೆಳೆದದ್ದು ಘಟ್ಟದ ಮೇಲಿನ ಕಾಫಿ ತೋಟದಲ್ಲಿ. ಊರಿನ ಹೊಲ ಕೈಬಿಟ್ಟ ಮೇಲೆ ಅಪ್ಪ ಅಲ್ಲಿಗೆ ಕೂಲಿಗೆ ಹೋದವನು. ಕಾಫಿಗೆ ನೆರಳಾಗಿ ಬೆಳೆಸಿದ ಹಲಸಿನ ಮರಗಳನ್ನು ಹತ್ತಿ, ಮಳೆಗಾಲ ಹಿಡಿಯುವುದರೊಳಗೆ ಹೆಚ್ಚಿನ ಟೊಂಗೆ ಕಡಿದು ಬಿಸಿಲು ಬಿಡಿಸುವುದು ಅವನ ಕೆಲಸ. ಅವನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಕಾಲು ಎಲ್ಲಿ ಊರಬೇಕು, ಯಾವ ಟೊಂಗೆ ನಂಬಬಾರದು ಎಂಬುದನ್ನು ನನಗೇ ಕಲಿಸಿದ.

ಅವ್ವನ ತವರಿನ ಸಂಬಂಧವೆಂದು ನನ್ನನ್ನು ಮಾಸೂರಿನ ಸಮೀಪದ ಒಂದು ಹಳ್ಳಿಗೆ ಕೊಟ್ಟರು. ಹೊಲಮನೆ ಇದ್ದ ಕುಟುಂಬ. ಹೊಲದ ಬದುವಿನಲ್ಲಿ ಒಂದು ದೊಡ್ಡ ಹಲಸಿನ ಗಿಡ. ಹಣ್ಣಾಗುವ ಕಾಲಕ್ಕೆ ಸವಣೂರಿನ ವ್ಯಾಪಾರಿ ಬಂದು ತನ್ನ ಆಳಿನಿಂದ ಇಳಿಸಿಕೊಂಡು ಹೋಗುತ್ತಿದ್ದ. ಎಳೆಗಾಯಿಯನ್ನು ಅಡಿಗೆ ಮಾಡಬಹುದೆಂದರೆ ನಮ್ಮ ಅತ್ತೆ ನಗುತ್ತಿದ್ದರು. ಅದು ದನ ತಿನ್ನುವುದಂತೆ.

ಯುದ್ಧದ ವರ್ಷಗಳು ಬಂದವು. ಸರಕಾರದವರು ಲೆವಿ ಎಂದು ಜೋಳ ಅಳೆದುಕೊಂಡು ಹೋದ ಮೇಲೆ ಕಾಳು ತುಂಬಿಡುವ ನಮ್ಮ ನೆಲದ ಹಗೆಯಲ್ಲಿ ಉಳಿದದ್ದು ತಳದ ಧೂಳು ಮಾತ್ರ. ಒಂದು ಹೊತ್ತು ಅಂಬಲಿ, ಇನ್ನೊಂದು ಹೊತ್ತು ಅದೂ ಇಲ್ಲ. ಗಂಡನ ಅಣ್ಣನ ಹೆಂಡತಿ ನನ್ನ ನೆಗೆಣ್ಣಿ; ಅವಳ ಮಕ್ಕಳು ಒಲೆಯ ಮುಂದೆ ಕುಳಿತು ಖಾಲಿ ಗಡಿಗೆ ನೋಡುತ್ತಿದ್ದವು. ಗಿಡದ ತುಂಬ ಎಳೆಗಾಯಿ ಜೋತಾಡುತ್ತಿತ್ತು. ಇಳಿಸಿಕೊಡಿ ಎಂದು ಗಂಡನಿಗೆ ಹೇಳಿದೆ. ದನ ತಿನ್ನುವುದು ನಮಗೇಕೆ ಎಂದು ತನ್ನ ಅಪ್ಪ ಬೇಡವೆನ್ನುತ್ತಾನೆ ಎಂದ.

ಮರುದಿನ ಹೊಲಕ್ಕೆ ಹೋದವಳೇ ಸೀರೆಗೆ ಕಚ್ಚೆ ಹಾಕಿ, ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದೆ. ಆಚೆಯ ಹೊಲ ಹಸನು ಮಾಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ನೋಡಲಿ ಎಂದುಕೊಂಡೆ. ಕಾಯಿ ತಂದು, ಮೇಣ ಹತ್ತದಂತೆ ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಕುದಿಸಿ, ಖಾರ ಹಾಕಿ ಪಲ್ಯ ಮಾಡಿದೆ. ಮಕ್ಕಳು ರೊಟ್ಟಿ ಇಲ್ಲದೆ ಬರೀ ಪಲ್ಯವನ್ನೇ ತಿಂದು ಅಲ್ಲೇ ನಿದ್ದೆಹೋದವು.

ಸಂಜೆ ಊರಿನ ಹಿರಿಯರೊಬ್ಬರು ಮನೆಗೆ ಬಂದರು. ಮಾವ ತಲೆ ತಗ್ಗಿಸಿ ಅವರ ಪಕ್ಕ ಕುಳಿತರು. ಗಂಡ ಕಂಬಕ್ಕೆ ಒರಗಿ ನಿಂತ. ಮರ್ಯಾದಸ್ಥರ ಮನೆಯ ಹೆಣ್ಣು ಗಂಡಸರು ನೋಡುವಂತೆ ಗಿಡ ಹತ್ತುವುದೆಂದರೇನು, ಇದು ಕಾಫಿ ತೋಟದ ಕೂಲಿಯವರ ರೀತಿ ಎಂದು ಹಿರಿಯರು ಬಹಳ ಹೊತ್ತು ಮಾತಾಡಿದರು. ಕೊನೆಗೆ, ಮಾವನಿಗೆ ಕೈ ಮುಗಿದು ಇನ್ನು ಹತ್ತುವುದಿಲ್ಲ ಎಂದರೆ ಸಾಕು, ಮುಗಿಸೋಣ ಅಂದರು.

ನಾನು ಬಾಗಿಲ ಮರೆಯಿಂದ ಈಚೆ ಬಂದೆ. "ನಾ ಏನ್ ಕದ್ದೇನ್ರಿ? ನಮ್ಮ ಗಿಡದ ಕಾಯಿ ತಂದು ನಮ್ಮ ಮನಿ ಮಕ್ಕಳಿಗೆ ಉಣ್ಣಾಕ ಹಾಕೇನಿ. ಇದಕ್ಕ ನಾ ಕೈ ಮುಗಿಯೂದಿಲ್ರಿ."

"ಹಂಗಾರ ಈ ಒಲಿ ನಿನಗಿಲ್ಲ," ಎಂದರು ಮಾವ.

"ಆಗ್ಲಿ ಬಿಡ್ರಿ. ನಾಳೆನೂ ಹತ್ತತೇನಿ."

ಗಂಡ ಕಂಬ ಬಿಟ್ಟು ದನಕ್ಕೆ ಮೇವು ಹಾಕಲು ಹೊರಟುಹೋದ. ಅವನು ಹಾಗೆ ಹೋದದ್ದನ್ನು ನಾನು ಇಂದಿಗೂ ಮನ್ನಿಸಿಲ್ಲ.

ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಮರುದಿನ ಹೇಳಿದಂತೆಯೇ ಹತ್ತಿದೆ. ಮಧ್ಯಾಹ್ನ ಮಕ್ಕಳು ತಾಟು ಹಿಡಿದುಕೊಂಡು ಕೊಟ್ಟಿಗೆಗೆ ಬಂದವು. ಅತ್ತೆ ಕೂಗಿ ಕರೆದರು, ಅವು ಏಳಲಿಲ್ಲ. ಕೆಲವು ದಿನಗಳಾದ ಮೇಲೆ ಅವರು ಕರೆಯುವುದನ್ನು ಬಿಟ್ಟರು. ನೆಗೆಣ್ಣಿಯೂ ಹಿತ್ತಲಿನಿಂದ ಸುತ್ತಿ ಬಂದು ತಿಂದುಹೋಗುತ್ತಿದ್ದಳು. ಅತ್ತೆ ಮಾತ್ರ ಸಾಯುವತನಕ ಹಲಸಿನ ಪಲ್ಯ ಬಾಯಿಗೆ ಹಾಕಲಿಲ್ಲ. ಅವರ ಹಟ ಅವರಿಗೆ, ನಾನೂ ಬಲವಂತ ಮಾಡಲಿಲ್ಲ.

ಸುಗ್ಗಿ ಬಂದು ಜೋಳ ಮನೆಗೆ ಸೇರಿದಾಗ ಮಾವ ನನ್ನನ್ನು ಒಳಗೆ ಬಾ ಎಂದರು. ಕೈ ಮುಗಿಸಿಕೊಳ್ಳಲಿಲ್ಲ. ಆ ಮಾತನ್ನೇ ಎತ್ತಲಿಲ್ಲ. ಒಳಗೆ ಹೋದೆ, ಆದರೆ ಗಿಡ ಹತ್ತುವುದನ್ನು ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಸವಣೂರಿನ ವ್ಯಾಪಾರಿ ಬಂದಾಗ ಹಣ್ಣುಗಳನ್ನು ಹಗ್ಗ ಕಟ್ಟಿ ಇಳಿಸಿಕೊಟ್ಟವಳು ನಾನೇ. ಅವನು ಕೆಳಗೆ ನಿಂತು, "ಸಂಭಾಳಿಸಿ ಇಳೀರಿ ಅಕ್ಕಾರ," ಎಂದದ್ದು ಬಿಟ್ಟರೆ ಬೇರೇನೂ ಅನ್ನಲಿಲ್ಲ.

ಮುಂದೆ ನನಗೂ ಮಕ್ಕಳಾದವು; ಮೂರನೆಯ ಮಗ ಹೊಟ್ಟೆಯಲ್ಲಿದ್ದಾಗ ಮಾತ್ರ ಒಂದು ವರ್ಷ ಹತ್ತಲಿಲ್ಲ. ಬಸಿರು ಗಿಡದ ಬೊಡ್ಡೆಗೆ ತಾಗುತ್ತಿತ್ತು, ಅದಕ್ಕೆ. ಯಾರೋ ಬೇಡವೆಂದರೆಂದಲ್ಲ.